ಮುದಿ ಬೆಟ್ಟಾ ಮೀನಿಗೆ ಈಜೋಕೆ ಕಷ್ಟ ಆದಾಗ ಏನು ಮಾಡಬೇಕು

ನಿನ್ನೆವರೆಗೆ ಕೈ ಕಂಡರೆ ಗಾಜಿನ ಹತ್ತಿರ ಓಡಿ ಬರುತ್ತಿದ್ದ ಬೆಟ್ಟಾ (ಫೈಟರ್ ಮೀನು) ಈಗ ಟ್ಯಾಂಕಿನ ತಳದಲ್ಲಿ ಒಂದು ಮಗ್ಗುಲಿಗೆ ಒರಗಿ ಬಿದ್ದಿದೆ. ಆಗಾಗ ಎದ್ದು, ಮೈಯೆಲ್ಲ ಒದ್ದಾಡಿಸಿ ಮೇಲೆ ಹೋಗಿ, ಒಂದು ಗುಟುಕು ಗಾಳಿ ಕುಡಿದು ಮತ್ತೆ ಕಲ್ಲಿನಂತೆ ಕೆಳಗಿಳಿಯುತ್ತದೆ. ಇದನ್ನು ನೋಡಿದ ಕೂಡಲೇ ಎಲ್ಲರೂ ಔಷಧಿ ಹುಡುಕೋಕೆ ಶುರು ಮಾಡುತ್ತಾರೆ. ಸ್ವಲ್ಪ ತಡೆಯಿರಿ. ಮೊದಲು ಒಂದು ಅಳತೆಪಟ್ಟಿ ತಂದು ನೀರು ಎಷ್ಟು ಆಳ ಇದೆ ನೋಡಿ.

ಯಾಕೆ ಅಂದರೆ, ಬೆಟ್ಟಾ ಕಿವಿರಿನಿಂದ ಮಾತ್ರ ಉಸಿರಾಡುವ ಮೀನಲ್ಲ. ಅದರ ತಲೆಯೊಳಗೆ ಲ್ಯಾಬಿರಿಂತ್ ಅನ್ನುವ ಅಂಗ ಇದೆ, ಮೇಲೆ ಬಂದು ನುಂಗಿದ ಗಾಳಿಯಿಂದ ಅದು ಆಮ್ಲಜನಕ ತೆಗೆದುಕೊಳ್ಳುತ್ತದೆ. ಮೇಲೆ ಬರೋಕೆ ಆಗದೇ ಹೋದರೆ ಮೀನೇ ನೀರಲ್ಲಿ ಉಸಿರುಕಟ್ಟಿ ಸಾಯಬಹುದು. 30 ಸೆಂಟಿಮೀಟರ್ ಆಳ ಎಳೆ ಮೀನಿಗೆ ಆಟ. ಮುದಿ ಮೀನಿಗೆ ಅದು ಪ್ರತಿ ಸಲ ಬೆಟ್ಟ ಹತ್ತಿದ ಹಾಗೆ.

ನೀರನ್ನು 12ರಿಂದ 15 ಸೆಂಟಿಮೀಟರ್‌ಗೆ ಇಳಿಸಿ. ನೀರು ತೆಗೆಯುವ ಮೊದಲು ಹೀಟರ್ ಆಫ್ ಮಾಡಿ, ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದರೆ ಗಾಜು ಒಡೆಯುತ್ತದೆ. ಮುಳುಗಿಸಿ ಇಡುವಂಥ ಹೀಟರ್ ಆದರೆ ಆಮೇಲೆ ಅಡ್ಡಡ್ಡಲಾಗಿ ಅಂಟಿಸಿ, ಪೂರ್ತಿ ಮುಳುಗಿರಲಿ. ಇನ್ನೊಂದು ವಿಷಯ ಜನ ಮರೆಯುತ್ತಾರೆ: ನೀರು ಅರ್ಧ ಆದರೆ ಅದೇ ಕೊಳೆ ಅರ್ಧ ನೀರಲ್ಲಿ ಸೇರುತ್ತದೆ, ಹಾಗಾಗಿ ವಾರಕ್ಕೆ ಒಂದು ಸಲ ನೀರು ಬದಲಿಸುತ್ತಿದ್ದರೆ ಈಗ ಎರಡು ಸಲ ಮಾಡಬೇಕು, ಪ್ರತಿ ಸಲ ಕಾಲು ಭಾಗದಷ್ಟು, ಕ್ಲೋರಿನ್ ತೆಗೆದ, ಅಷ್ಟೇ ಬೆಚ್ಚಗಿರುವ ನೀರು. ಮುಚ್ಚಳ ತೆಗೆದಿಡಬೇಡಿ. ನೀರಿನ ಮೇಲಿನ ಗಾಳಿಯೂ ಬೆಚ್ಚಗಿರಬೇಕು.

ಈಗ ಇದು ವಯಸ್ಸೋ ಕಾಯಿಲೆಯೋ ಅನ್ನುವ ಪ್ರಶ್ನೆ. ಬೆಟ್ಟಾ ಸಾಮಾನ್ಯವಾಗಿ 3 ವರ್ಷದ ಆಸುಪಾಸು ಬದುಕುತ್ತದೆ, ಚೆನ್ನಾಗಿ ನೋಡಿಕೊಂಡರೆ ಕೆಲವು ಇನ್ನೂ ಒಂದೆರಡು ವರ್ಷ ಜಾಸ್ತಿ. ಅಂಗಡಿಗೆ ಬರುವಾಗಲೇ ಗಂಡು ಮೀನಿಗೆ ಆರು ತಿಂಗಳಿಂದ ಒಂದು ವರ್ಷ ಆಗಿರುತ್ತದೆ. ಅಂದರೆ ನೀವು ತಂದು ಎರಡು ವರ್ಷ ಆಗಿದ್ದರೆ ಮನೆಯಲ್ಲಿರುವುದು ಅಜ್ಜನೇ.

ವಯಸ್ಸು ನಿಧಾನಕ್ಕೆ ಬರುತ್ತದೆ. ಬಣ್ಣ ಮಾಸುತ್ತದೆ, ಬೆನ್ನು ಸ್ವಲ್ಪ ಬಾಗುತ್ತದೆ, ಮೈ ಸಣ್ಣಗಾಗುತ್ತದೆ, ಎಲೆ ಮೇಲೆ ಮಲಗುವ ಹೊತ್ತು ಹೆಚ್ಚುತ್ತಾ ಹೋಗುತ್ತದೆ, ಇದೆಲ್ಲ ತಿಂಗಳುಗಟ್ಟಲೆ ನಡೆಯುವ ಬದಲಾವಣೆ. ಎರಡೇ ದಿನದಲ್ಲಿ ಮೀನು ಬೇರೆಯೇ ಆಗಿಬಿಟ್ಟರೆ ಅದು ವಯಸ್ಸಲ್ಲ. ರೆಕ್ಕೆ ಮುದುರಿಕೊಂಡಿದೆಯಾ, ಕಿವಿರು ಬೇಗ ಬೇಗ ಬಡಿಯುತ್ತಿದೆಯಾ, ಹೊಟ್ಟೆ ಊದಿದೆಯಾ ನೋಡಿ. ಆಮೇಲೆ ಕೊಳೆಯಿಂದ ಹುಟ್ಟುವ ವಿಷ ಇದೆಯಾ ಅಂತ ನೀರು ಪರೀಕ್ಷೆ ಮಾಡಿ: ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20 ಪಿಪಿಎಂ ಒಳಗೆ ಇರಬೇಕು. ಥರ್ಮಾಮೀಟರ್ 26-27 ಡಿಗ್ರಿ ತೋರಿಸಬೇಕು, ಹೀಟರ್ ಮೇಲಿನ ಅಂಕಿ ನಂಬಬೇಡಿ. ನನ್ನ ಹೀಟರ್ 26ಕ್ಕೆ ತಿರುಗಿಸಿಟ್ಟಿದ್ದರೂ ನೀರು 22 ಇತ್ತು, ನಾನು ಎರಡು ವಾರ ಪಾಪ ಮೀನಿಗೆ ವಯಸ್ಸಾಯ್ತು ಅಂದುಕೊಂಡು ಸುಮ್ನೆ ಕೂತಿದ್ದೆ! ತಣ್ಣೀರಲ್ಲಿ ಮೀನಿನ ಜೀರ್ಣಶಕ್ತಿಯೂ ಕುಗ್ಗುತ್ತದೆ, ಈಜೂ ಕುಗ್ಗುತ್ತದೆ.

ಈಜಿನ ತೊಂದರೆಗೆ ಬಂದರೆ, ಮೀನಿನ ಮೈಯೊಳಗೆ ಒಂದು ಗಾಳಿಚೀಲ ಇರುತ್ತದೆ, ಅದರಿಂದಲೇ ಅದು ತೇಲದೆ ಮುಳುಗದೆ ಮಧ್ಯದಲ್ಲಿ ನಿಲ್ಲುವುದು. ಪಕ್ಕದಲ್ಲಿರುವ ಹೊಟ್ಟೆ ಊದಿ ಅದನ್ನು ಒತ್ತಬಹುದು, ಸೋಂಕು ಇರಬಹುದು, ಗಡ್ಡೆ ಬೆಳೆದಿರಬಹುದು, ಅಥವಾ ವಯಸ್ಸಿಗೆ ಆ ಅಂಗವೇ ಸೋತಿರಬಹುದು. ಇದರಲ್ಲಿ ಮನೆಯಲ್ಲಿ ಸುಲಭವಾಗಿ ಸರಿ ಮಾಡಬಹುದಾದದ್ದು ಮೊದಲನೆಯದು ಮಾತ್ರ. ಬಾಲ ಮೇಲಾಗಿ ತೇಲುತ್ತಾ ಹೊಟ್ಟೆ ದಪ್ಪ ಕಂಡರೆ ಎರಡು ದಿನ ಊಟ ನಿಲ್ಲಿಸಿ. ಮುದಿ ಮೀನಿಗೆ ಅದಕ್ಕಿಂತ ಜಾಸ್ತಿ ಉಪವಾಸ ಬೇಡ. ಆಮೇಲೆ ಡಾಫ್ನಿಯಾ ಅನ್ನುವ ಪುಟ್ಟ ನೀರುಹುಳ ಕೊಡಿ, ಜೀವಂತ ಅಥವಾ ಫ್ರೋಜನ್ ಕರಗಿಸಿದ್ದು. ಅದರ ಚಿಪ್ಪು ನಾರಿನ ಹಾಗೆ ಕೆಲಸ ಮಾಡಿ ಹೊಟ್ಟೆ ಸಡಿಲಿಸುತ್ತದೆ. ಬೇಯಿಸಿದ ಬಟಾಣಿ ಕೊಡಿ ಅಂತ ಎಲ್ಲೆಲ್ಲೂ ಹೇಳುತ್ತಾರೆ, ನನಗೆ ಒಪ್ಪಿಗೆ ಇಲ್ಲ. ಬೆಟ್ಟಾ ಹುಳ ತಿನ್ನುವ ಮೀನು, ಬಟಾಣಿ ಅದರ ಊಟವೇ ಅಲ್ಲ.

ಆದರೂ ಊದು ಇಳಿಯದಿದ್ದರೆ ಎಪ್ಸಂ ಸಾಲ್ಟ್ ಸ್ನಾನ. ಇದು ಅಡುಗೆ ಉಪ್ಪಲ್ಲ, ಮೆಗ್ನೀಸಿಯಂ ಸಲ್ಫೇಟ್. ಬಣ್ಣ, ಸುವಾಸನೆ ಏನೂ ಸೇರಿಸಿರಬಾರದು. ಬೇರೆ ಪಾತ್ರೆಯಲ್ಲಿ ಅದೇ ಟ್ಯಾಂಕಿನ 1 ಲೀಟರ್ ನೀರಿಗೆ ಮುಕ್ಕಾಲು ಟೀ ಚಮಚ ಪೂರ್ತಿ ಕರಗಿಸಿ, ಮೀನನ್ನು 10 ನಿಮಿಷ ಬಿಡಿ. ಬಲೆಯಲ್ಲಿ ಹಿಡಿಯಬೇಡಿ, ಸಣ್ಣ ಲೋಟದಲ್ಲಿ ಎತ್ತಿ. ಪಕ್ಕದಲ್ಲೇ ನಿಂತಿರಿ, ಮಗುಚಿಕೊಂಡರೆ ಆ ಕ್ಷಣವೇ ವಾಪಸ್. ಹೊಟ್ಟೆ ಊದಿಲ್ಲ, ಬರೀ ಸೋತು ಮಲಗಿದೆ ಅಂದರೆ ಈ ಸ್ನಾನದಿಂದ ಏನೂ ಲಾಭ ಇಲ್ಲ, ಸುಮ್ನೆ ಸುಸ್ತು.

ಹೊಟ್ಟೆಯ ತೊಂದರೆ ಅಲ್ಲದಿದ್ದರೆ ಮೀನನ್ನು ಸರಿ ಮಾಡುವ ಬದಲು ಟ್ಯಾಂಕನ್ನು ಅದಕ್ಕೆ ತಕ್ಕಂತೆ ಮಾಡಿ. ನೀರು ಎಷ್ಟು ಜೋರಾಗಿ ಓಡುತ್ತಿದೆ ಅನ್ನೋದು ಮುಖ್ಯ. ಮೀನು ರೆಕ್ಕೆ ಆಡಿಸೋದು ನಿಲ್ಲಿಸಿದ ಕೂಡಲೇ ಪಕ್ಕಕ್ಕೆ ತೇಲಿಹೋದರೆ ಫಿಲ್ಟರ್ ಜಾಸ್ತಿ ಆಯ್ತು ಅಂತ ಅರ್ಥ. ಸ್ಪಂಜ್ ಫಿಲ್ಟರ್ ಹಾಕಿ, ಅದನ್ನು ನಡೆಸುವ ಪಂಪಿನ ಗಾಳಿ ಕಡಿಮೆ ಮಾಡಿ. ಹಾಫ್‌ಮೂನ್ ತರಹದ ಉದ್ದ ರೆಕ್ಕೆಯವಕ್ಕೆ ಇದು ಇನ್ನೂ ಕಷ್ಟ, ಒದ್ದೆ ಸೀರೆ ಉಟ್ಟು ಈಜಿದ ಹಾಗೆ ಅಲ್ವಾ. ಗಿಡ್ಡ ರೆಕ್ಕೆಯ ಪ್ಲಾಕಟ್ ಅಷ್ಟು ಬೇಗ ಸೋಲುವುದಿಲ್ಲ.

ಮಲಗೋಕೆ ಜಾಗ ಬೇಕು. ಅನುಬಿಯಾಸ್ ತರಹದ ಅಗಲ ಎಲೆಯ ಗಿಡ ಒಳ್ಳೆಯದು, ಎಲೆ ನೀರಿನ ಮೇಲ್ಮೈಗಿಂತ ಮೂರ್ನಾಲ್ಕು ಸೆಂಟಿಮೀಟರ್ ಕೆಳಗಿರಲಿ. ಅಲ್ಲಿಂದ ತಲೆ ಎತ್ತಿದರೆ ಗಾಳಿ. ಗಾಜಿಗೆ ಅಂಟಿಸುವ ಪ್ಲಾಸ್ಟಿಕ್ ಎಲೆಯೂ ಆಗುತ್ತದೆ, ಆದರೆ ನಾನು ತಂದ ಒಂದರೊಳಗೆ ತಂತಿ ಇತ್ತು, ತುದಿ ಹೊರಗೆ ಬಂದು ತುಕ್ಕು ಹಿಡಿದಿತ್ತು, ರೆಕ್ಕೆ ಹರಿದ ಮೇಲೆ ನೋಡಿದೆ. ಟ್ಯಾಂಕಿಗೆ ಏನು ಹಾಕುವ ಮೊದಲೂ ತೆಳು ಕಾಲುಚೀಲವನ್ನು ಅದರ ಮೇಲೆ ಎಳೆದು ನೋಡಿ, ದಾರ ಸಿಕ್ಕಿಕೊಂಡರೆ ರೆಕ್ಕೆಯೂ ಸಿಕ್ಕಿಕೊಳ್ಳುತ್ತದೆ. ತಳದಲ್ಲೇ ಮಲಗುವ ಮೀನಾದರೆ ಚೂಪು ಕಲ್ಲು ತೆಗೆದು ನುಣುಪು ಮರಳು ಹಾಕಿ ಅಥವಾ ಬರಿ ಗಾಜೇ ಇರಲಿ, ಕಸ ದಿನಾ ತೆಗೆಯೋಕೆ ಸುಲಭ.

ಊಟ ಹಾಕುವಾಗ ನೋಡಿ, ಕಣ್ಣು ಮಂಜಾದ ಮೀನು ಗುಳಿಗೆಯಂಥ ಊಟವಾದ ಪೆಲೆಟ್‌ನ ಪಕ್ಕಕ್ಕೇ ಬಾಯಿ ಹಾಕುತ್ತದೆ. ಕಚ್ಚಿತು ಅನ್ನಿಸುತ್ತದೆ, ಪೆಲೆಟ್ ಅಲ್ಲೇ ತೇಲುತ್ತಿರುತ್ತದೆ. ಎರಡು ಸಲ ತಪ್ಪಿದ ಮೇಲೆ ಬೇಸರವಾಗಿ ಕೆಳಗೆ ಹೋಗಿಬಿಡುತ್ತದೆ, ನಾವು ಹಸಿವಿಲ್ಲ ಅಂದುಕೊಳ್ಳುತ್ತೇವೆ. ದಿನಾ ಅದೇ ಹೊತ್ತಿಗೆ ಅದೇ ಮೂಲೆಯಲ್ಲಿ ಹಾಕಿ. ನಾನು ಮೊದಲು ಬೆರಳ ತುದಿಯಿಂದ ನೀರನ್ನು ಎರಡು ಸಲ ಮುಟ್ಟುತ್ತಿದ್ದೆ, ವಾರದಲ್ಲಿ ನಮ್ಮ ಮೀನು ಕೆಂಪಣ್ಣನಿಗೆ ಅದು ಊಟದ ಗಂಟೆ ಆಗಿಹೋಯ್ತು. ಪೆಲೆಟನ್ನು ಬಾಟಲಿ ಮುಚ್ಚಳದಲ್ಲಿ ಒಂದೆರಡು ನಿಮಿಷ ನೆನೆಸಿ, ಎರಡು ಮೂರು ಸಾಕು, ದಿನಕ್ಕೆ ಎರಡು ಹೊತ್ತು. ತೀರಾ ಕಾಣದಿದ್ದರೆ ಚಿಮಟದಲ್ಲಿ ಹಿಡಿದು ಬಾಯಿ ಹತ್ತಿರ ಒಯ್ಯಿರಿ. ಉಳಿದದ್ದನ್ನು ಆಗಲೇ ಎತ್ತಿಬಿಡಿ.

ಕೆಲವು ಲಕ್ಷಣಕ್ಕೆ ಇಷ್ಟು ಸಾಲದು. ಮೇಲಿನಿಂದ ನೋಡಿದಾಗ ಮೈ ಹುರುಪೆ ಪೈನ್ ಕಾಯಿಯ ಹಾಗೆ ಕೆದರಿ ನಿಂತಿದ್ದರೆ ಅದು ಡ್ರಾಪ್ಸಿ, ಒಳಗೆ ಅಂಗಾಂಗ ಸೋತು ನೀರು ತುಂಬಿದೆ. ಮುದಿ ಮೀನು ಅದರಿಂದ ಚೇತರಿಸಿಕೊಳ್ಳೋದು ಅಪರೂಪ. ಬೆನ್ನು ವಕ್ರವಾಗಿ, ತಿಂದರೂ ಸೊರಗುತ್ತಾ, ಮೈಮೇಲೆ ಹುಣ್ಣೂ ಎದ್ದರೆ ಮೀನಿನ ಕ್ಷಯದ ಅನುಮಾನ ಇಟ್ಟುಕೊಳ್ಳಿ. ಆ ಬ್ಯಾಕ್ಟೀರಿಯಾ ನಮ್ಮ ಚರ್ಮದ ಗಾಯದಿಂದಲೂ ಒಳಗೆ ಹೋಗುತ್ತದೆ, ಗ್ಲೌಸ್ ಇಲ್ಲದೆ ಕೈ ಹಾಕಬೇಡಿ. ಮೀನು ನೋಡುವ ಪಶುವೈದ್ಯರು ಸಿಕ್ಕರೆ ಈ ಹಂತದಲ್ಲಿ ತೋರಿಸಿ. ಏನು ಕಾಯಿಲೆ ಅಂತ ಗೊತ್ತಿಲ್ಲದೆ ಆಂಟಿಬಯೋಟಿಕ್ ಸುರಿಯುವುದು ಬೇಡ, ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಏರಿದರೆ ಇನ್ನೊಂದು ತಲೆನೋವು.

ಇಷ್ಟೆಲ್ಲ ಮಾಡಿಯೂ ಮೀನು ವಾರದಿಂದ ತಿಂದಿಲ್ಲ, 10 ಸೆಂಟಿಮೀಟರ್ ನೀರಲ್ಲೂ ಮೇಲೆ ಬರೋಕೆ ಆಗುತ್ತಿಲ್ಲ ಅಂದರೆ ಅದನ್ನು ಹಾಗೇ ಎಳೆದಾಡಿಸಬೇಡಿ, ನೋವಿಲ್ಲದೆ ಪ್ರಾಣ ಬಿಡುವ ಹಾಗೆ ಮಾಡಿ. ಫ್ರೀಜರ್‌ಗೆ ಹಾಕುವುದು, ಟಾಯ್ಲೆಟ್‌ಗೆ ಬಿಡುವುದು ಎರಡೂ ಕ್ರೂರ. ಲವಂಗದ ಎಣ್ಣೆ ಮೊದಲು ನಿದ್ದೆ ತರಿಸುತ್ತದೆ. ಒಂದು ಲೀಟರ್ ಟ್ಯಾಂಕ್ ನೀರಲ್ಲಿ ಮೀನು ಇಡಿ. ಸಣ್ಣ ಬಾಟಲಿಯಲ್ಲಿ ಬೆಚ್ಚಗಿನ ನೀರಿಗೆ ಎಣ್ಣೆ ಹಾಕಿ ಹಾಲಿನ ಬಣ್ಣ ಬರುವವರೆಗೆ ಕುಲುಕಿ, ಮೊದಲು ಒಂದೆರಡು ಹನಿಯಷ್ಟು ಎಣ್ಣೆ ಸೇರುವ ಹಾಗೆ ನಿಧಾನಕ್ಕೆ ಬೆರೆಸಿ. ಮೀನು ಮಗುಚಿ ಅಲುಗಾಟ ನಿಂತ ಮೇಲೆ ಉಳಿದದ್ದು ಸೇರಿಸಿ, ಒಟ್ಟು ಅರ್ಧ ಎಂಎಲ್‌ನಷ್ಟು. ಕಿವಿರು ನಿಂತಿತು ಅಂತ ತಕ್ಷಣ ಎತ್ತಬೇಡಿ, ಆಮೇಲೂ 30 ನಿಮಿಷ ಅದೇ ನೀರಲ್ಲೇ ಇರಲಿ. ಆ ಪಾತ್ರೆಯನ್ನು ಮತ್ತೆ ಮೀನಿಗೆ ಬಳಸಬೇಡಿ, ಎಣ್ಣೆಯ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ.