ಹೊಳೆಯ ಕಸ ಹೊಳೆಗೇ ವಾಪಸ್ ಹೋಗದಿರಲಿ

ಹೊಳೆ ದಡದ ಪ್ಲಾಸ್ಟಿಕ್ ಆರಿಸಿ ಅದರಲ್ಲೇ ಏನಾದರೂ ಮಾಡೋಣ ಅಂತ ಕಾರ್ಯಾಗಾರ ಇಟ್ಟುಕೊಂಡಾಗ ಹುಡುಗರು ನನ್ನನ್ನೂ ಕರೆಯುತ್ತಾರೆ. ಕತ್ತರಿ ಹಿಡಿಯಲು ಎಲ್ಲರಿಗೂ ಅವಸರ. ತೊಳೆಯಲು ಮಾತ್ರ ಯಾರೂ ಮುಂದೆ ಬರುವುದಿಲ್ಲ. ಅರ್ಧ ಕೆಲಸ ಇರುವುದೇ ಅಲ್ಲಿ ನೋಡಿ.

ಆರಿಸಿದ್ದನ್ನು ಹೊಳೆಯಲ್ಲೇ ಜಾಲಿಸಬೇಡಿ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ, ಸೋಪು, ಚೂರು ಎಲ್ಲ ಮತ್ತೆ ನೀರಿಗೇ. ಬಕೆಟ್‌ನಲ್ಲಿ ತೊಳೆದು, ಆ ನೀರನ್ನು ಹಳೇ ಹತ್ತಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಕಸದ ಬುಟ್ಟಿಗೆ ಹಾಕಿ. ದಪ್ಪ ಕೈಗವಸು ಇರಲೇಬೇಕು, ಗಾಜು ಎಲ್ಲಿರುತ್ತೋ ಹೇಳಲಾಗದು. ಬೇರು, ಒಣ ಎಲೆ, ಕೊಳೆತ ಕಟ್ಟಿಗೆಯನ್ನು ಅಲ್ಲೇ ಬಿಡಿ, ಅದು ಕಸವಲ್ಲ, ಹುಳ ಮೀನುಗಳ ಮನೆ.

ಬಕೆಟ್ ಮುಂದೆ ಕೂತಾಗ ಮಕ್ಕಳಿಗೊಂದು ಆಟ ತೋರಿಸಿ. ನೀರಿನ ಬಾಟಲಿಯನ್ನು ತುಂಡು ಮಾಡಿ ಹಾಕಿದರೆ ಮುಳುಗುತ್ತದೆ, ಅದರ ಮುಚ್ಚಳ ತೇಲುತ್ತದೆ. ಎರಡೂ ಬೇರೆ ಬೇರೆ ಪ್ಲಾಸ್ಟಿಕ್. ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ 1 ಅಂತ ಇರುತ್ತದಲ್ಲ, ಅದು ಪೆಟ್, ನೀರಿಗಿಂತ ಭಾರ. ಮುಚ್ಚಳ ಬಿಚ್ಚಿ ಎಸೆದ ಬಾಟಲಿಗೆ ನೀರು ತುಂಬಿ ಅದು ತಳ ಸೇರುತ್ತದೆ, ಹಾಗಾಗಿ ಮೇಲೆ ಕಂಡಷ್ಟೇ ಕಸ ಅಂದುಕೊಳ್ಳಬೇಡಿ.

ಇನ್ನು ಮಾಡುವುದು ಏನು? ಬಾಟಲಿಗೆ ಬಣ್ಣ ಬಳಿದು ಮಿಂಚು ಅಂಟಿಸಿ ಶೋಕೇಸ್‌ನಲ್ಲಿ ಇಡುವುದು ನನಗೆ ಸೇರುವುದಿಲ್ಲ, ಸುಮ್ನೆ ಕಸಕ್ಕೆ ಅಲಂಕಾರ. ದಿನಾ ಕೈಗೆ ಬರುವಂಥದ್ದು ಮಾಡಿ. ಪ್ಲಾಸ್ಟಿಕ್ ಕವರ್‌ನಿಂದ ದಾರ ತೆಗೆದರೆ ಚೀಲ ಹೆಣೆಯಬಹುದು. ಒಣಗಿದ ಕವರನ್ನು ಸಪಾಟಾಗಿ ಹಾಸಿ, ಹಿಡಿಕೆ ಮತ್ತು ತಳದ ಹೊಲಿಗೆ ಕತ್ತರಿಸಿ ತೆಗೆಯಿರಿ. ಉಳಿದದ್ದನ್ನು ಉದ್ದಕ್ಕೆ ಮಡಚಿ, ಅಡ್ಡಡ್ಡಲಾಗಿ ಎರಡು ಬೆರಳಗಲಕ್ಕೆ ಕತ್ತರಿಸಿದರೆ ಬಳೆ ಬಳೆಯಾಗಿ ಬರುತ್ತದೆ. ಒಂದು ಬಳೆಯೊಳಗೆ ಇನ್ನೊಂದನ್ನು ತೂರಿಸಿ, ಅದರದೇ ತುದಿಯನ್ನು ಅದರೊಳಗಿಂದ ಎಳೆಯಿರಿ, ರಬ್ಬರ್ ಬ್ಯಾಂಡ್ ಜೋಡಿಸುತ್ತೇವಲ್ಲ ಹಾಗೆ. ಮೆಲ್ಲಗೆ ಎಳೆಯಬೇಕು, ಜೋರು ಮಾಡಿದರೆ ಗಂಟಿನ ಹತ್ತಿರ ಸಣಕಲಾಗಿ ಕಿತ್ತುಬರುತ್ತದೆ. ಉಂಡೆ ಸುತ್ತಿಟ್ಟುಕೊಂಡು 8 ಅಥವಾ 10 ಮಿಲಿಮೀಟರ್ ದಪ್ಪದ, ತುದಿಯಲ್ಲಿ ಕೊಕ್ಕೆ ಇರುವ ಕ್ರೋಶೆ ಕಡ್ಡಿಯಲ್ಲಿ ಸಡಿಲವಾಗಿ ಹೆಣೆಯಿರಿ. ಬಿಗಿ ಹೆಣೆದರೆ ಕವರ್ ಕಡ್ಡಿಗೆ ಅಂಟಿಕೊಂಡು ಬೆರಳು ನೋಯುತ್ತದೆ.

ನಾನು ಮೊದಲು ಹೆಣೆದದ್ದು ಒಂದು ಮ್ಯಾಟ್. ಜಂಬದಿಂದ ಬಾಗಿಲ ಹೊರಗೆ ಬಿಸಿಲಿಗೆ ಹಾಸಿದ್ದೆ. ಕೆಲವು ತಿಂಗಳಲ್ಲಿ ಒಣ ಎಲೆಯ ಹಾಗೆ ಪುಡಿಯಾಗಿ, ಗುಡಿಸಿದಷ್ಟೂ ಚೂರು ಹಾರಿ ಚರಂಡಿಗೆ ಹೋಯಿತು. 5 ಮಿಲಿಮೀಟರ್‌ಗಿಂತ ಚಿಕ್ಕ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ, ಅದನ್ನು ಇನ್ನು ಯಾರು ಆರಿಸುತ್ತಾರೆ ಹೇಳಿ? ಹೆಣೆದದ್ದನ್ನು ಮನೆಯೊಳಗೇ ಬಳಸಿ. ಹೊಳೆಯಿಂದ ತಂದ ಕವರ್ ಆಗಲೇ ಬಿಸಿಲು ತಿಂದಿರುತ್ತದೆ, ಕೈಯಲ್ಲಿ ಎಳೆದು ನೋಡಿ. ಚಟ್ಟನೆ ಹರಿದರೆ ಹೆಣಿಗೆಗೆ ಬೇಡ, ನೇರ ಕಸದ ಗಾಡಿಗೆ. ಗಟ್ಟಿ ದಾರ ಮನೆಯಲ್ಲಿ ಕೂಡಿಟ್ಟ ಕವರ್‌ಗಳದ್ದೇ.

ಬೆಂಕಿ ಮಾತ್ರ ಬೇಡ. ಪೈಪಿನ ಪಿವಿಸಿ ಸುಟ್ಟರೆ ಆಮ್ಲದ ಹೊಗೆ ಬರುತ್ತದೆ, ಕಣ್ಣು ಗಂಟಲು ಉರಿಯುತ್ತದೆ. ಚೀಲ ಕೊಳೆಯಾದರೆ ತಣ್ಣೀರಲ್ಲಿ ಕೈಯಲ್ಲೇ ತೊಳೆದು ನೆರಳಲ್ಲಿ ತೂಗುಹಾಕಿ, ಆ ನೀರನ್ನೂ ಅದೇ ಹತ್ತಿ ಬಟ್ಟೆಯಲ್ಲಿ ಸೋಸಿ ಚೆಲ್ಲಿ.