ಬಾಟಲಿಗೆ ಅಡಿಕೆ ಹಾಳೆಯ ಅಂಗಿ

ನಾನು ಕಳಿಸಿದ ಪಾರ್ಸೆಲ್ಲನ್ನು ನಾನೇ ಬಿಚ್ಚಿ ನೋಡಿದ್ದು ವ್ಯಾಪಾರ ಶುರುವಾಗಿ ಮೂರು ವರ್ಷ ಆದ ಮೇಲೆ. ಬೆಂಗಳೂರಿನಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಸಾಗರದಿಂದ ಅವಳಿಗೆ ಅಂತ ಕಳಿಸಿದ್ದ ಬಾಕ್ಸು ನಾನು ಅಲ್ಲಿರುವಾಗಲೇ ಬಂತು. "ನೀನೇ ಬಿಚ್ಚು ಅಕ್ಕಾ, ನಂಗೆ ಪ್ರತಿ ಸಲ ಉಗುರು ಮುರಿಯುತ್ತೆ" ಅಂದಳು. ಕತ್ತರಿ ಹಿಡಿದು ಕೂತೆ. ಮೇಲೆ ಮೂರು ಸುತ್ತು ಕಂದು ಟೇಪು. ಒಳಗೆ ಥರ್ಮೋಕೋಲ್ ಚೂರು, ಕೈಗೆ ಅಂಟಿದರೆ ಕೊಡವಿದರೂ ಬೀಳುವುದಿಲ್ಲ. ಅದರ ಕೆಳಗೆ ಬಬಲ್ ರ‍್ಯಾಪ್ ಸುತ್ತಿದ ಎರಡು ಬಾಟಲಿ, ಒಂದು ಕಟ್ಟು ಹಲಸಿನ ಹಪ್ಪಳ. ಸಾಮಾನು ತೆಗೆದಿಟ್ಟ ಮೇಲೆ ಉಳಿದ ಕಸ ಅವಳ ಅಡುಗೆಮನೆಯ ಬುಟ್ಟಿ ತುಂಬಿ ನೆಲಕ್ಕೆ ಚೆಲ್ಲಿತು. ಊರಲ್ಲಿ ನಾವು ಇಂಥದ್ದನ್ನೆಲ್ಲ ಏನು ಮಾಡುತ್ತೇವೆ ಅಂತ ಕೇಳಿದರೆ ಅದೂ ಹೇಳಿಕೊಳ್ಳುವ ಹಾಗಿಲ್ಲ. ಬಚ್ಚಲ ಒಲೆಗೆ ಹಾಕುತ್ತೇವೆ.

ನಮ್ಮದು ದೊಡ್ಡ ವ್ಯಾಪಾರವಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಜೋನಿಬೆಲ್ಲ, ಸೀಸನ್ನಿನಲ್ಲಿ ಜೇನುತುಪ್ಪ. ತಿಂಗಳಿಗೆ ಅರವತ್ತು, ಎಪ್ಪತ್ತು ಪಾರ್ಸೆಲ್ ಹೋಗುತ್ತವೆ. ಕಾನೂನಿಗೆ ಹೆದರಿ ಏನೂ ಬದಲಾಯಿಸಬೇಕಿರಲಿಲ್ಲ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಒಂದೇ ಸಲ ಬಳಸುವ ಪ್ಲಾಸ್ಟಿಕ್ಕಿನ ಪಟ್ಟಿಯಲ್ಲಿ ಸ್ಟ್ರಾ, ಚಮಚ, ತಟ್ಟೆ ಇವೆ, ಸ್ವೀಟ್ ಬಾಕ್ಸಿಗೆ ಸುತ್ತುವ ತೆಳು ಪ್ಲಾಸ್ಟಿಕ್ಕೂ ಇದೆ. ಬಬಲ್ ರ‍್ಯಾಪ್ ಇಲ್ಲ. ಆ ಬುಟ್ಟಿ ನೋಡಿ ನಾಚಿಕೆ ಆಯಿತು, ಅಷ್ಟೇ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಪೇಟೆಯ ಅಂಗಡಿಗಳಿಂದ ಹಳೆ ರಟ್ಟಿನ ಬಾಕ್ಸು ತಂದೆ. ಒಂದು ಸಲ ಬಳಸಿದ ಬಾಕ್ಸಿನ ಮೂಲೆಗಳು ಅದಾಗಲೇ ಸೋತಿರುತ್ತವೆ, ಭಾರ ಹೊರುವುದಿಲ್ಲ. ಅಳತೆಯೂ ಒಂದೊಂದು ಒಂದೊಂದು ಥರ. ಒಂದು ದಿನ ಮೈಸೂರಿನ ಗಿರಾಕಿಯೊಬ್ಬರು ಫೋಟೋ ಕಳಿಸಿದರು. ನನ್ನ ಉಪ್ಪಿನಕಾಯಿ ಫಿನಾಯಿಲ್ ಬಾಕ್ಸಿನಲ್ಲಿ ಹೋಗಿತ್ತು. ಪಾಪ, ಬೈಯಲಿಲ್ಲ. ನಗುವ ಮುಖ ಒಂದು ಹಾಕಿದ್ದರು. ಅಲ್ಲಿಗೆ ಹಳೆ ಬಾಕ್ಸಿನ ಕಥೆ ಮುಗಿಯಿತು.

ಶಿವಮೊಗ್ಗದಲ್ಲಿ ಬಾಕ್ಸ್ ಮಾಡುವವರೊಬ್ಬರ ಹತ್ತಿರ ಹೋದೆ. "ಎಷ್ಟು ಪ್ಲೈ ಮೇಡಂ? ಎಷ್ಟು ಜಿಎಸ್ಎಂ? ಬಿಎಫ್ ಎಷ್ಟು ಬೇಕು?" ಅಂತ ಒಂದೇ ಉಸಿರಿಗೆ ಕೇಳಿದರು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದು ನೋಡಿ ಒಂದು ತುಂಡು ರಟ್ಟು ಹರಿದು ತೋರಿಸಿದರು. ಎರಡು ಚಪ್ಪಟೆ ಕಾಗದದ ನಡುವೆ ಒಂದು ಅಲೆ ಅಲೆ ಕಾಗದ ಇದ್ದರೆ ಮೂರು ಪ್ಲೈ. ಅಂಥ ಅಲೆ ಎರಡಿದ್ದರೆ ಐದು ಪ್ಲೈ. ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಬಿಎಫ್ ಅಂದರೆ ಒತ್ತಿದರೆ ಒಡೆಯದೆ ತಡೆಯುವ ಶಕ್ತಿ. ಬಾಕ್ಸಿನ ಗೋಡೆಯಲ್ಲಿ ಆ ಅಲೆಗಳು ಕಂಬದ ಹಾಗೆ ನಿಂತಿರಬೇಕು, ಮಲಗಿದ್ದರೆ ಒಂದರ ಮೇಲೊಂದು ಪೇರಿಸಿದಾಗ ಕುಸಿಯುತ್ತದೆ ಅಂತ ಅವರೇ ಹೇಳಿಕೊಟ್ಟರು. ಆಮೇಲೆ ನನ್ನ ಹಳೆ ಬಾಕ್ಸು ನೋಡಿ, "ಇಷ್ಟು ದೊಡ್ಡದು ಯಾಕೆ? ಗಾಳಿ ಕಳಿಸ್ತೀರಾ?" ಅಂದರು.

ಆ ಮಾತು ಮನೆಗೆ ಬಂದ ಮೇಲೂ ತಲೆಯಲ್ಲೇ ಇತ್ತು. ಕೊರಿಯರ್ ಬಿಲ್ಲು ತೆಗೆದು ನೋಡಿದೆ. ಒಳಗಿನ ಸಾಮಾನು, ಬಾಕ್ಸು ಎಲ್ಲ ಸೇರಿ 1 ಕಿಲೋ 800 ಗ್ರಾಂ. ಬಿಲ್ಲಿನಲ್ಲಿ 3 ಕಿಲೋ. ಮೋಸ ಅಂದುಕೊಂಡೆ, ಅಲ್ಲ. ಕೊರಿಯರಿನವರು ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಲೆಕ್ಕ ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ದುಡ್ಡು. ನನ್ನ ಬಾಕ್ಸು 30, 25, 20. ಗುಣಿಸಿದರೆ 15000, ಭಾಗಿಸಿದರೆ ಸರಿಯಾಗಿ 3. ಮೂರು ವರ್ಷ ನಾನು ಗಾಳಿಗೆ ಬಾಡಿಗೆ ಕಟ್ಟಿದ್ದೆ. ಆ ಗಾಳಿ ತುಂಬಲು ಥರ್ಮೋಕೋಲನ್ನೂ ದುಡ್ಡು ಕೊಟ್ಟು ತಂದಿದ್ದೆ! ಹೊಸ ಬಾಕ್ಸನ್ನು 26, 18, 18ಕ್ಕೆ ಇಳಿಸಿದೆ. ಅದರ ಲೆಕ್ಕ 1.7 ಕಿಲೋದ ಆಸುಪಾಸು, ಹಾಗಾಗಿ ಈಗ ನಿಜವಾದ ತೂಕಕ್ಕೇ ಬಿಲ್ಲು. ಪಾರ್ಸೆಲ್ಲಿಗೆ ಸುಮಾರು ಒಂದು ಕಿಲೋದ ದುಡ್ಡು ಉಳಿಯಿತು. ಮುಂದಿನ ಪ್ರಯೋಗಗಳೆಲ್ಲ ಆ ದುಡ್ಡಲ್ಲೇ ನಡೆದವು.

ಬಾಕ್ಸು ಸಣ್ಣದಾದ ಮೇಲೆ ಒಳಗೆ ತುಂಬಲು ಜಾಗವೇ ಕಮ್ಮಿ. ಆದರೂ ಗಾಜಿಗೆ ಏನಾದರೂ ಬೇಕಲ್ವಾ? ಬತ್ತದ ಹುಲ್ಲು ಹಾಕಿ ನೋಡಿದೆ. ಧೂಳು, ಜೊತೆಗೆ ಹುಳ. ಹಳೆ ಪೇಪರು ಒಳ್ಳೆಯದೇ, ಆದರೆ ಬಾಟಲಿಯ ಬಾಯಿ, ಹಪ್ಪಳ ಇವಕ್ಕೆ ತಾಗಬಾರದು. ಮುದ್ರಣದ ಶಾಯಿ ತಿನ್ನುವ ಸಾಮಾನಿಗೆ ಆಗುವುದಿಲ್ಲ ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್ಎಸ್ಎಸ್ಎಐ ಕೂಡ ಹೇಳಿದೆ.

ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದಲ್ಲಿರುವ ಅಗಲ ಹೊದಿಕೆ, ಹೊಳೆದದ್ದು ಅತ್ತೆಗೆ. "ಅಲ್ವೇ, ತೋಟದ ತುಂಬ ಹಾಳೆ ಬಿದ್ದಿದೆ. ನೀನು ಪೇಟೆಯಿಂದ ಬಬಲು ತರ್ತೀಯಲ್ಲ" ಅಂದರು. ಹಾಳೆಟೊಪ್ಪಿ ಹಾಕಿ ಕೆಲಸ ಮಾಡಿದ ಕಾಲದವರು. ನಾನು ಸಣ್ಣವಳಿದ್ದಾಗ ಹಾಳೆ ಮೇಲೆ ಕೂತು ಎಳೆಸಿಕೊಂಡು ಅಂಗಳ ಸುತ್ತಿದವಳು. ಆದರೂ ತಲೆಗೆ ಬಂದಿರಲಿಲ್ಲ ನೋಡಿ.

ಒಂದು ಹಾಳೆ ತೊಳೆದು ಅರ್ಧ ದಿನ ನೀರಲ್ಲಿ ನೆನೆಸಿದೆವು. ಚರ್ಮದ ಹಾಗೆ ಮೆತ್ತಗಾಯಿತು. ಬಾಟಲಿಯ ಎತ್ತರಕ್ಕೆ ಕತ್ತರಿಸಿ, ಒಳಮೈ ಬಾಟಲಿಗೆ ತಾಗುವ ಹಾಗೆ ಸುತ್ತಿ, ಬಾಳೆನಾರಿನಲ್ಲಿ ಎರಡು ಕಡೆ ಬಿಗಿದು ಬಿಸಿಲಿಗಿಟ್ಟೆವು. ಒಣಗಿದ ಮೇಲೆ ನಾರು ಬಿಚ್ಚಿದರೆ ಹಾಳೆ ಬಾಟಲಿಯ ಆಕಾರದಲ್ಲೇ ನಿಂತಿತ್ತು. ಅಂಗಿ ತೊಡಿಸಿದ ಹಾಗೆ ಬಾಟಲಿಯನ್ನು ಒಳಗೆ ತಳ್ಳಬಹುದು, ಎಳೆದರೆ ಹೊರಗೆ ಬರುತ್ತದೆ. ಬೆರಳಲ್ಲಿ ಒತ್ತಿದರೆ ಸ್ಪ್ರಿಂಗಿನ ಹಾಗೆ ವಾಪಸ್ ಬರುತ್ತದೆ. ಈಗ ಬಾಟಲಿಯ ಬದಲು ಅದೇ ದಪ್ಪದ ಬಿದಿರ ತುಂಡುಗಳಿಗೆ ಸುತ್ತಿ ಒಣಗಿಸುತ್ತೇವೆ. ಮೂಲೆಗಳಿಗೆ ಹಾಳೆತಟ್ಟೆ ಮಾಡುವ ಯೂನಿಟ್ಟಿನಿಂದ ಅಂಚಿನ ಚೂರು ತರುತ್ತೇವೆ. ತಟ್ಟೆ ಕತ್ತರಿಸಿದ ಮೇಲೆ ಅವರು ಬಿಸಾಡುವಂಥದ್ದು.

ಗಟ್ಟಿ ಇದೆಯಾ ಅಂತ ನೋಡಲು ಒಂದು ಪರೀಕ್ಷೆ ಇದೆ, ಪ್ಯಾಕಿಂಗಿನವರು ಎಲ್ಲ ಕಡೆ ಮಾಡುವಂಥದ್ದು. ಬಾಕ್ಸನ್ನು ಎರಡೂವರೆ ಅಡಿ ಎತ್ತರದಿಂದ ಹತ್ತು ಸಲ ಬೀಳಿಸಬೇಕು. ಮೊದಲು ಒಂದು ಮೂಲೆ, ಆಮೇಲೆ ಆ ಮೂಲೆಗೆ ಸೇರುವ ಮೂರು ಅಂಚು, ಕೊನೆಗೆ ಆರು ಮುಖ. ಬಾಟಲಿಗೆ ಕುಂಕುಮದ ನೀರು ತುಂಬಿದೆವು, ಒಂದು ಹನಿ ಸೋರಿದರೂ ರಟ್ಟಿನ ಮೇಲೆ ಕಾಣಲಿ ಅಂತ. ಜಗಲಿಯಲ್ಲಿ ಇವರು ಬೀಳಿಸುವುದು, ಮಗ ಲೆಕ್ಕ ಹಾಕುವುದು. ಬರೀ ಪೇಪರು ತುಂಬಿದ ಮೂರು ಪ್ಲೈ ಬಾಕ್ಸು ಎರಡನೆಯದಕ್ಕೇ ಕೆಂಪಾಯಿತು. ಐದು ಪ್ಲೈ ಪಾಸಾಯಿತು. ಹಾಳೆ ಅಂಗಿ, ಮೂಲೆಗೆ ಹಾಳೆ ಚೂರು ಇಟ್ಟ ಮೂರು ಪ್ಲೈ ಕೂಡ ಹತ್ತಕ್ಕೆ ಹತ್ತೂ ತಡೆಯಿತು. ಮೂರು ಪ್ಲೈ ಅಂದರೆ ಕಾಗದವೂ ಕಮ್ಮಿ, ದುಡ್ಡೂ ಕಮ್ಮಿ. ಐನೂರು ಬಾಕ್ಸಿಗೆ ಆರ್ಡರ್ ಕೊಟ್ಟೆ.

ಇದೆಲ್ಲ ಆಗಿದ್ದು ಏಪ್ರಿಲ್ ಹೊತ್ತಿಗೆ. ಜೂನ್ ಬಂತು.

ಮಲೆನಾಡಿನ ಮಳೆ ಗೊತ್ತಿಲ್ಲದವರು ಬರೆದ ಸಲಹೆಗಳನ್ನು ಓದಿ ನಾನು ಕೆಟ್ಟೆ. ಇಲ್ಲಿ ಮಳೆ ಬಾಕ್ಸಿನ ಮೇಲೆ ಬೀಳಬೇಕು ಅಂತಿಲ್ಲ, ಗಾಳಿಯಲ್ಲೇ ನೀರಿದೆ. ಕೋಣೆಯೊಳಗಿಟ್ಟ ರಟ್ಟು ಒಂದು ವಾರದಲ್ಲಿ ಹಪ್ಪಳ ಮೆತ್ತಗಾದ ಹಾಗೆ ಆಯಿತು. ಜುಲೈಯಲ್ಲಿ ಪುಣೆಯಿಂದ ಒಂದು ಫೋಟೋ ಬಂತು. ಬಾಟಲಿ ಸರಿಯಾಗಿತ್ತು, ಮೇಲಿನ ಹಾಳೆ ಅಂಗಿಗೆ ಹಸಿರು ಬೂಷ್ಟು. ಒಳಗೆ ಎಷ್ಟೇ ಚೆನ್ನಾಗಿದ್ದರೂ ಬೂಷ್ಟು ನೋಡಿದವರು ಉಪ್ಪಿನಕಾಯಿ ತಿನ್ನುತ್ತಾರಾ? ದುಡ್ಡು ವಾಪಸ್ ಕೊಟ್ಟೆ. ಆ ತಿಂಗಳು ಹೀಗೆ ಐದು.

ತಪ್ಪು ನನ್ನದೇ. ಮಳೆ ಹಿಡಿದ ಮೇಲೆ ಹಾಳೆ ನೆನೆಸಿ, ಒಲೆ ಹತ್ತಿರ ಒಂದು ದಿನ ಇಟ್ಟು, ಒಣಗಿತು ಅಂದುಕೊಂಡಿದ್ದೆ. ಈಗ ವರ್ಷಕ್ಕೆ ಬೇಕಾದ ಅಂಗಿಗಳನ್ನೆಲ್ಲ ಮೇ ಒಳಗೆ ಮಾಡಿ, ಒಲೆಯ ಮೇಲಿನ ಅಟ್ಟಕ್ಕೆ ಹಾಕುತ್ತೇವೆ. ಮಳೆಗಾಲಕ್ಕೆ ಸೌದೆ, ಒಣ ಎಲೆಯ ದರಗು ಕೂಡಿಟ್ಟ ಹಾಗೆ ಇದೂ ಒಂದು. ಹೊಗೆ ಬಡಿದ ಹಾಳೆಗೆ ಬೂಷ್ಟು ಬೇಗ ಹಿಡಿಯುವುದಿಲ್ಲ, ಸಣ್ಣ ಹೊಗೆ ವಾಸನೆ ಇರುತ್ತದೆ. ಕೆಲವರಿಗೆ ಅದೇ ಇಷ್ಟ. ಬಾಕ್ಸಿನ ಕಟ್ಟುಗಳೂ ಅಡಿಕೆ ಚೀಲಗಳ ಪಕ್ಕ ಅಟ್ಟದಲ್ಲೇ.

ಟೇಪಿನದು ಇನ್ನೊಂದು ಪಾಡು. ನೀರು ಸವರಿ ಅಂಟಿಸುವ ಕಾಗದದ ಟೇಪು ತರಿಸಿದೆ. ಅದು ರಟ್ಟಿನ ನಾರಿನೊಳಗೇ ಹಿಡಿದುಕೊಳ್ಳುತ್ತದೆ, ಪ್ಲಾಸ್ಟಿಕ್ ಟೇಪು ಮೂರು ಸುತ್ತು ಹಾಕುವಲ್ಲಿ ಇದು ಒಂದೇ ಸಾಕು. ರದ್ದಿಗೆ ಹಾಕುವಾಗ ಕೀಳಲೂ ಬೇಡ. ಆದರೆ ಮಳೆಗಾಲದಲ್ಲಿ ಹೊರಗಿಟ್ಟ ಸುರುಳಿ ತನಗೆ ತಾನೇ ಅಂಟಿಕೊಂಡು ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಯಿತು. ಈಗ ಅದಕ್ಕೊಂದು ಸ್ಟೀಲ್ ಡಬ್ಬಿ, ಒಳಗೆ ಒಂದು ಹಿಡಿ ಇದ್ದಿಲು.

ನೀರು ತಡೆಯಲಿ ಅಂತ ಒಂದು ಬಾಕ್ಸಿಗೆ ಜೇನುಮೇಣ ಸವರಿದ್ದೂ ಉಂಟು. ಟೇಪು ಅಂಟಲಿಲ್ಲ, ರದ್ದಿಯವನೂ ಮುಟ್ಟಲಿಲ್ಲ. ಸುಮ್ನೆ ಹುಚ್ಚು.

ಇದರ ನಡುವೆ ಒಬ್ಬರು "ಕಾಂಪೋಸ್ಟ್ ಆಗುವ" ಕವರು ಮಾರಲು ಬಂದರು, ನೋಡಲು ಪ್ಲಾಸ್ಟಿಕ್ಕಿನ ಹಾಗೇ. ಎರಡು ಕವರನ್ನು ನಮ್ಮ ಗೊಬ್ಬರದ ಗುಂಡಿಯಲ್ಲಿ ಹೂತೆ. ಐದು ತಿಂಗಳು ಬಿಟ್ಟು ಅಗೆದರೆ ತೊಳೆದು ಮತ್ತೆ ಬಳಸುವಷ್ಟು ಚೆನ್ನಾಗಿದ್ದವು. ಅಂಥವು ಕರಗಲು ಕಾರ್ಖಾನೆಯಂಥ ಘಟಕದ ಬಿಸಿ ಬೇಕು, ಮನೆಯ ಗುಂಡಿ ಸಾಲದು. ತಗೊಳ್ಳುವುದಾದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಕೇಳಿ ನೋಡಿ. ನಾನು ಕೇಳಿದೆ. ಅವರು ಮತ್ತೆ ಬರಲಿಲ್ಲ.

ಪ್ಲಾಸ್ಟಿಕ್ ಪೂರ್ತಿ ಬಿಟ್ಟೆ ಅಂತ ನಾನು ಎಲ್ಲೂ ಬರೆದುಕೊಂಡಿಲ್ಲ. ಹಪ್ಪಳ ಇವತ್ತಿಗೂ ಪ್ಲಾಸ್ಟಿಕ್ ಪೌಚಿನಲ್ಲೇ ಹೋಗುತ್ತದೆ. ಕಾಗದದಲ್ಲಿ ಕಳಿಸಿದ ಹಪ್ಪಳ ಮೆತ್ತಗಾಗಿ ಕಸಕ್ಕೆ ಹೋದರೆ ಹಲಸು, ಸೌದೆ, ಲಾರಿಯ ಡೀಸೆಲ್ಲು ಎಲ್ಲ ದಂಡ ತಾನೆ? ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಾಕ್ಸಿನ ಹೊರಗೂ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕುತ್ತೇನೆ. ವಿದೇಶಕ್ಕೆ ಹೋಗುವ ಒಂದೆರಡು ಪಾರ್ಸೆಲ್ಲಿಗೆ ಹಾಳೆ ಇಲ್ಲ, ಬರೀ ಕಾಗದ. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಹುಲ್ಲು ತುಂಬಿದ ಪ್ಯಾಕಿಂಗ್ ಒಳಗೆ ಬಿಡುವುದಿಲ್ಲ, ಹಾಳೆಯನ್ನೂ ಹಾಗೇ ನೋಡಿದರೆ ಕಷ್ಟ.

ಮೊನ್ನೆ ತಂಗಿ ಫೋನ್ ಮಾಡಿದ್ದಳು. ಹಾಳೆ ಅಂಗಿಗಳನ್ನು ಬಿಸಾಡದೆ ಬಾಲ್ಕನಿಯಲ್ಲಿ ಕೊತ್ತಂಬರಿ ಹಾಕಿದ್ದಾಳಂತೆ, ತಳಕ್ಕೆ ತೆಂಗಿನ ನಾರು ತುರುಕಿ. ಇಲ್ಲಿ ನಮ್ಮ ಅಟ್ಟದಲ್ಲಿ ಇಲಿ ಸೇರಿಕೊಂಡು ಒಂದು ಚೀಲ ಅಂಗಿ ತಿಂದುಹಾಕಿದೆ. ದೀಪಾವಳಿ ಆರ್ಡರು ಬರುವುದರೊಳಗೆ ಹಾಳೆತಟ್ಟೆಯವರ ಹತ್ತಿರ ಒಣಗಿದ್ದು ಉಳಿದಿದೆಯಾ ಅಂತ ನಾಳೆ ಹೋಗಿ ಕೇಳಬೇಕು.