ರಾಡಿ ನೀರು ಹಿಡಿಯುವುದು: ನೀರಸಾಗರದ ಹಳ್ಳದಲ್ಲಿ ಕಲಿತದ್ದು

ಹುಬ್ಬಳ್ಳಿಯ ಕುಡಿಯುವ ನೀರಿಗೆಂದು ಕಟ್ಟಿದ ನೀರಸಾಗರ ಜಲಾಶಯಕ್ಕೆ ಬೇಡ್ತಿ ಹಳ್ಳದ ನೀರು ಬರುತ್ತದೆ. ದಂಡೆಯ ಹೊಲಗಳಲ್ಲಿ ಭತ್ತ, ಗೋವಿನಜೋಳ, ಹತ್ತಿ. ಹೊಲಕ್ಕೆ ಹಾಕಿದ ಡಿಎಪಿ, ಯೂರಿಯಾ ಗೊಬ್ಬರದ ಒಂದು ಪಾಲು ಹಳ್ಳಕ್ಕಿಳಿಯುತ್ತದೆ. ಅದನ್ನು ಅಳೆಯಲು ತಿಂಗಳಿಗೊಮ್ಮೆ ಹೋಗಿ ತಿಳಿನೀರು ತುಂಬಿಕೊಂಡು ಬಂದರೆ ರಂಜಕದ (ಫಾಸ್ಫರಸ್) ಲೆಕ್ಕ ಕಡಿಮೆಯೇ ಬರುತ್ತದೆ. ರಂಜಕ ಬಹುಪಾಲು ಮಣ್ಣಿನ ಸಣ್ಣ ಕಣಕ್ಕೆ ಅಂಟಿಕೊಂಡು ಸಾಗುತ್ತದೆ. ಮಿರಗಾ, ಆರಿದ್ರಾ ಮಳೆಗೆ ಹಳ್ಳ ತುಂಬಿ ಬಂದಾಗ, ನೀರು ಏರುತ್ತಿರುವ ಹೊತ್ತಿನ ರಾಡಿಯಲ್ಲೇ ಅದು ಸಿಗಬೇಕು.

ಹಳ್ಳ ಬರುವುದು ಹೆಚ್ಚಾಗಿ ರಾತ್ರಿ, ಆಗ ನೀರಿಗೆ ಇಳಿಯಲೇಬಾರದು. ಅದಕ್ಕೆ ಬಾಟ್ಲಿಗಳನ್ನೇ ಕಾವಲಿಗೆ ಬಿಡುತ್ತೇವೆ. ಒಂದು ಲೀಟರಿನ ಅಗಲ ಬಾಯಿಯ ಪ್ಲಾಸ್ಟಿಕ್ ಬಾಟ್ಲಿ, ಎರಡು ತೂತಿನ ರಬ್ಬರ್ ಬಿರಡೆ, 6 ಮಿಮೀ ನಳಿಕೆ ಎರಡು. ಒಳಹರಿವಿನ ನಳಿಕೆಯನ್ನು ಬಿರಡೆಯಿಂದ ಮೇಲೆತ್ತಿ, ಕೊಕ್ಕೆಯಂತೆ ಬಗ್ಗಿಸಿ ಬಾಯಿ ಕೆಳಗೆ ಮಾಡಬೇಕು. ನೀರು ಆ ಬಾಗಿನ ನೆತ್ತಿ ಮುಟ್ಟಿದೊಡನೆ ಸೈಫನ್ ಹಿಡಿದು, ಅಂದರೆ ನೀರು ತಾನಾಗಿ ಎಳೆದುಕೊಂಡು, ಬಾಟ್ಲಿ ತುಂಬುತ್ತದೆ. ಗಾಳಿ ಹೋಗುವ ನಳಿಕೆಯ ಬಾಗು ಅದಕ್ಕಿಂತ ಎತ್ತರದಲ್ಲೇ ಇರಬೇಕು. ತಪ್ಪಿದರೆ ಅದರಲ್ಲೂ ನೀರು ನುಗ್ಗಿ ಬಾಟ್ಲಿ ಅರ್ಧಕ್ಕೇ ನಿಲ್ಲುತ್ತದೆ. ಇಂಥ ಮೂರು ಬಾಟ್ಲಿಗಳನ್ನು ಕಬ್ಬಿಣದ ಗೂಟಕ್ಕೆ, ಮಾಮೂಲಿ ನೀರಿನ ಮಟ್ಟದಿಂದ 30, 60, 90 ಸೆಂಮೀ ಮೇಲೆ ಬಿಗಿದು ಕಟ್ಟುತ್ತೇವೆ. ಒಳಹರಿವಿನ ಕೊಕ್ಕೆ ಹರಿವಿನ ಕೆಳಬದಿಗೆ ತಿರುಗಿರಲಿ, ಇಲ್ಲವಾದರೆ ಎಲೆ, ಸೊಪ್ಪೆ ಸಿಕ್ಕಿಕೊಂಡು ಕಟ್ಟುತ್ತದೆ. ಬೆಳಗಾಗುತ್ತಲೇ ಬಾಟ್ಲಿ ಬಿಚ್ಚಬೇಕು. ಬಿಸಿಲಿಗೆ ಬಿಟ್ಟರೆ ಒಳಗಿನ ಪಾಚಿಯೇ ನೀರಲ್ಲಿ ಕರಗಿದ ಫಾಸ್ಫೇಟ್ (ರಂಜಕದ ಲವಣ) ತಿಂದುಬಿಡುತ್ತದೆ.

ಬಾಟ್ಲಿ ತೊಳೆಯುವುದರಲ್ಲೇ ಅರ್ಧ ಕೆಲಸ ಕೆಡುತ್ತದೆ. ಕೆಲವು ಸೋಪಿನ ಪುಡಿಗಳಲ್ಲಿ ಫಾಸ್ಫೇಟ್ ಇರುತ್ತದೆ, ಹಾಗಾಗಿ ಸೋಪು ಬೇಡ. ಒಂಬತ್ತು ಪಾಲು ನೀರಿಗೆ ಒಂದು ಪಾಲು ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ (ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ), ರಾತ್ರಿಯಿಡೀ ನೆನೆಸಿ, ಬಟ್ಟಿ ಇಳಿಸಿದ ನೀರಲ್ಲಿ ನಾಲ್ಕೈದು ಸಲ ಜಾಲಿಸಬೇಕು. ಪ್ರತಿ ಹತ್ತು ಮಾದರಿಗೆ ಒಂದು ಬಾಟ್ಲಿಯಲ್ಲಿ ಬಟ್ಟಿ ಇಳಿಸಿದ ನೀರನ್ನೇ ತುಂಬಿ ಹಳ್ಳಕ್ಕೆ ಒಯ್ದು ತರುತ್ತೇವೆ. ಅದರಲ್ಲಿ ರಂಜಕ ಕಂಡರೆ ದೋಷ ನಮ್ಮ ಕೈಯದ್ದು, ಹಳ್ಳದ್ದಲ್ಲ.

ಕರಗಿದ ಫಾಸ್ಫೇಟಿಗೆ ಬೇಕಾದ ನೀರನ್ನು ದಂಡೆಯಲ್ಲೇ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಐಸ್ ಪೆಟ್ಟಿಗೆಗೆ ಹಾಕಿ, 48 ತಾಸಿನೊಳಗೆ ಪರೀಕ್ಷಿಸಬೇಕು. ರಾಡಿ ನೀರಿಗೆ ಫಿಲ್ಟರ್ ಬೇಗ ಕಟ್ಟುವುದರಿಂದ ನಾಲ್ಕು ಹೆಚ್ಚೇ ಇರಲಿ. ಒಟ್ಟು ರಂಜಕಕ್ಕೆ ಮಾತ್ರ ಸೋಸಬಾರದು, ಸೋಸಿದರೆ ಬೇಕಾದದ್ದೇ ಫಿಲ್ಟರಿನ ಮೇಲೆ ಉಳಿಯುತ್ತದೆ. ಬಾಟ್ಲಿಯನ್ನು ಚೆನ್ನಾಗಿ ಕುಲುಕಿ, ಕಣಕ್ಕೆ ಅಂಟಿದ ರಂಜಕ ಬಿಡಿಸಲು ಪರ್ಸಲ್ಫೇಟ್ ಹಾಕಿ 121 ಡಿಗ್ರಿಯಲ್ಲಿ 30 ನಿಮಿಷ ಬೇಯಿಸಿದ ಮೇಲೆ ಮಾಲಿಬ್ಡೇಟ್, ಆಸ್ಕಾರ್ಬಿಕ್ ಆಮ್ಲ ಹಾಕಿದಾಗ ರಂಜಕದಿಂದ ಬರುವ ನೀಲಿ ಬಣ್ಣವನ್ನು ಬಣ್ಣ ಅಳೆಯುವ ಉಪಕರಣದಲ್ಲಿ 880 ನ್ಯಾನೋಮೀಟರ್ ಬೆಳಕಿಗೆ ಓದುವುದು. ಬಣ್ಣ ಏರಲು ಹತ್ತು ನಿಮಿಷ ಕಾಯಬೇಕು, ಅರ್ಧ ತಾಸು ದಾಟಬಾರದು.

ವರದಿ ಕೈಗೆ ಬಂದಾಗ ಮೊದಲು ಏಕಮಾನ ನೋಡಿ. ನೈಟ್ರೇಟನ್ನು ಸಾರಜನಕವಾಗಿ ಬರೆದಿದ್ದರೆ 4.43ರಿಂದ ಗುಣಿಸಿದಾಗ ನೈಟ್ರೇಟ್ ಆಗುತ್ತದೆ. ಕುಡಿಯುವ ನೀರಿನ ಮಿತಿ ಲೀಟರಿಗೆ 45 ಮಿಗ್ರಾಂ ಎನ್ನುವುದು ನೈಟ್ರೇಟಿನ ಲೆಕ್ಕ. ಇದನ್ನು ಗಮನಿಸದೆ ಸಾರಜನಕದ 12ನ್ನು 45ಕ್ಕೆ ಹೋಲಿಸಿ ನಿಶ್ಚಿಂತರಾದರೆ ಮಿತಿ ದಾಟಿದ ನೀರನ್ನೇ ಒಳ್ಳೆಯದೆಂದಂತೆ.

ಹರಿವು ಅಳೆಯದೆ ಲೀಟರಿಗೆ ಇಷ್ಟು ಎಂದು ಮಾತ್ರ ಬರೆದಿಟ್ಟರೆ ಜಲಾಶಯಕ್ಕೆ ಎಷ್ಟು ಹೋಯಿತೆಂದು ತಿಳಿಯುವುದಿಲ್ಲ. ಹಳ್ಳ ಇಳಿದಿರುವಾಗ ನೇರವಾಗಿ ಹರಿಯುವ 10 ಮೀಟರ್ ಗುರುತು ಮಾಡಿ, ಕಿತ್ತಳೆ ಹಣ್ಣು ತೇಲಿಬಿಟ್ಟು ಸೆಕೆಂಡು ಎಣಿಸಿ, ಮೇಲ್ಮೈ ವೇಗವನ್ನು 0.85ರಿಂದ ಗುಣಿಸಿ, ಅದನ್ನು ಅಗಲ, ಸರಾಸರಿ ಆಳಕ್ಕೆ ಗುಣಿಸಿದರೆ ಹರಿವು. ಸೆಕೆಂಡಿಗೆ ಅರ್ಧ ಘನ ಮೀಟರ್ ಹರಿದು, ಲೀಟರಿಗೆ 0.2 ಮಿಗ್ರಾಂ ರಂಜಕವಿದ್ದರೆ, 0.5 × 0.2 × 86.4 (ದಿನದ 86,400 ಸೆಕೆಂಡನ್ನು ಕೆಜಿ ಲೆಕ್ಕಕ್ಕೆ ತಂದದ್ದು), ಅಂದರೆ ದಿನಕ್ಕೆ 8.6 ಕೆಜಿ.

ಹಳ್ಳ ಊರು ಸೇರುವ ಮುನ್ನ, ಊರು ದಾಟಿದ ಮೇಲೆ, ಜಲಾಶಯದ ಹಿನ್ನೀರು ಮುಟ್ಟುವ ಮುನ್ನ: ಮೂರು ಕಡೆ ಮಾದರಿ ತೆಗೆಯುತ್ತೇವೆ. ಬೇಸಿಗೆಯ ಸಣ್ಣ ಹರಿವಿನಲ್ಲೂ ಊರು ದಾಟುತ್ತಲೇ ಅಮೋನಿಯಾ, ರಂಜಕ ಏರಿದರೆ ಮೊದಲು ಚರಂಡಿ ಹುಡುಕಬೇಕು. ಮಳೆಗೆ ಮಾತ್ರ ಏರಿದರೆ ಹೊಲದ ಕಡೆ ನೋಡಬೇಕು. ನೈಟ್ರೇಟಿನ ನಡೆ ಬೇರೆ: ಅದು ಮಣ್ಣಿನೊಳಗೆ ಇಳಿದು ಬಸಿದು ಬರುವುದರಿಂದ ರಾಡಿ ತಿಳಿಯಾದ ಮೇಲೂ ವಾರಗಟ್ಟಲೆ ಬರುತ್ತಿರುತ್ತದೆ. ಆದ್ದರಿಂದ ಗೂಟದ ಬಾಟ್ಲಿ ಬಿಚ್ಚಿದ ಮೇಲೂ ದಸರೆಯ ತನಕ ವಾರಕ್ಕೊಮ್ಮೆ ಹಳ್ಳಕ್ಕೆ ಹೋಗಬೇಕು, ಸುತ್ತಲಿನ ಹೊಲಗಳಲ್ಲಿ ಯೂರಿಯಾ ಚೆಲ್ಲಿದ ದಿನವನ್ನೂ ಅದೇ ವಹಿಯಲ್ಲಿ ಬರೆಯಬೇಕು.